ಕ್ಯೂಬಾದಲ್ಲಿ ದುಡ್ಡು ಹಾಕೋ ಆಸೆನಾ? ಯಾವ ದಾರಿ ಯಾರಿಗೆ ಅಂತ ಒಂದ್ಸಲ ಕೂತು ನೋಡೋಣ

ಟೊರಾಂಟೊದಲ್ಲಿ ಚಳಿ ಶುರುವಾದ್ರೆ ಇಲ್ಲಿನವರು ನಾವು ಗೋವಾಗೆ ಹೋದಂಗೆ ಕ್ಯೂಬಾಗೆ ಹೋಗ್ತಾರೆ, ಏಳು ದಿನ ಊಟ ತಿಂಡಿ ಎಲ್ಲ ಸೇರಿ ಪ್ಯಾಕೇಜು, ಬೀಚು, ರಮ್ಮು, ವಾಪಸ್ಸು. ನಾನೂ ಎರಡು ಸಲ ಹೋಗ್ಬಂದೆ, ಫೋಟೊ ಹಾಕ್ದೆ, ಅದೇ ತಪ್ಪಾಯ್ತು. ಅವತ್ತಿಂದ ಶುರು. ಪೀಣ್ಯದಲ್ಲಿ ಸೋಲಾರ್ ಪಂಪಿನ ಕಂಟ್ರೋಲರ್ ಮಾಡೋ ಕ್ಲಾಸ್‌ಮೇಟ್ ಒಬ್ಬ "ಅಲ್ಲಿ ಕರೆಂಟೇ ಇಲ್ವಂತೆ, ನಮ್ಮ ಮಾಲು ಹೋಗಲ್ವಾ" ಅಂತಾನೆ, ನ್ಯೂಜೆರ್ಸಿಲಿರೋ ಕಸಿನ್ ಹವಾನಾದಲ್ಲಿ ಹಳೇ ಮನೆ ಅಗ್ಗಕ್ಕೆ ಸಿಗುತ್ತಂತೆ ಅಂತಾಳೆ, ಜಯನಗರದ ನಮ್ಮ ಚಿಕ್ಕಪ್ಪ, ಬ್ಯಾಂಕಿಂದ ರಿಟೈರ್ ಆದೋರು, "ಅಮೆರಿಕ ದಿಗ್ಬಂಧನ ತೆಗೆದ ದಿನ ಹತ್ತು ಪಟ್ಟು ಆಗುತ್ತೆ ಕಣೋ, ಈಗ್ಲೇ ಏನಾದ್ರೂ ತಗೊಂಡಿಡ್ಬೇಕು" ಅಂತ ವಾರಕ್ಕೊಂದ್ಸಲ ಫೋನು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಇದನ್ನ ಬರೀತಿದೀನಿ. ನಾನು ಅಕೌಂಟ್ಸ್ ಕೆಲಸದವನು, ಲಾಯರ್ ಅಲ್ಲ, ದುಡ್ಡು ಹಾಕೋ ಮುಂಚೆ ಲಾಯರ್ ಹತ್ರ ಹೋಗೋ ಖರ್ಚು ಉಳಿಸಕ್ಕೆ ಇದನ್ನ ಓದ್ಬೇಡಿ.

ಹಿನ್ನೆಲೆ ಚುಟುಕಾಗಿ. ಕೆನಡಿ ಕಾಲದಲ್ಲಿ, 1962ರ ಫೆಬ್ರವರಿಲಿ, ಅಮೆರಿಕ ಪೂರ್ತಿ ವ್ಯಾಪಾರ ನಿಲ್ಲಿಸ್ತು. 1992ರಲ್ಲಿ ಇನ್ನೊಂದು ಕಾನೂನು ಬಂತು, ಕ್ಯೂಬಾ ಬಂದರಿಗೆ ಹೋದ ಹಡಗು 180 ದಿನ ಅಮೆರಿಕದಲ್ಲಿ ಸರಕು ಹತ್ತಿಸೋಂಗಿಲ್ಲ ಇಳಿಸೋಂಗಿಲ್ಲ. 1996ರಲ್ಲಿ ಹೆಲ್ಮ್ಸ್-ಬರ್ಟನ್ ಕಾನೂನು, ಇದರ ಬಗ್ಗೆ ಮುಂದೆ ಹೇಳ್ತೀನಿ, ನಮ್ಮಂಥ ಮೂರನೇ ದೇಶದವರಿಗೆ ತಗಲಾಕ್ಕೊಳ್ಳೋದು ಇದೇ. ಒಬಾಮ 2014ರ ಡಿಸೆಂಬರ್ 17ಕ್ಕೆ ರಾಜಿ ಘೋಷಿಸಿದ್ರು, 2016ರಲ್ಲಿ ಹವಾನಾಗೇ ಹೋಗ್ಬಂದ್ರು, ಆಮೇಲೆ ಟ್ರಂಪ್ ಬಂದು ಎಲ್ಲಾ ಹಿಂದಕ್ಕೆ. ಭಯೋತ್ಪಾದನೆಗೆ ಬೆಂಬಲ ಕೊಡೋ ದೇಶಗಳ ಲಿಸ್ಟಿಂದ ಬೈಡನ್ 2025ರ ಜನವರಿ 14ಕ್ಕೆ ಕ್ಯೂಬಾನ ತೆಗೀತೀವಿ ಅಂದ್ರು, 20ಕ್ಕೆ ಟ್ರಂಪ್ ಅಧಿಕಾರ ತಗೊಂಡ ದಿನವೇ ಅದನ್ನ ರದ್ದು ಮಾಡಿದ್ರು. ಆರು ದಿನ! ನಮ್ಮ ಚಿಕ್ಕಪ್ಪನ ಹತ್ತು ಪಟ್ಟಿನ ಲೆಕ್ಕ ಇರೋದು ಈ ಥರ ನೆಲದ ಮೇಲೆ.

ಏನನ್ನ ಇಟ್ಕೊಂಡು ಅಳೆಯೋದು

ಮಾಮೂಲಿ ಹೂಡಿಕೆಲಿ ನಾವು ಕೇಳೋದು ಎಷ್ಟು ಪರ್ಸೆಂಟ್ ಬರುತ್ತೆ ಅಂತ. ಇಲ್ಲಿ ಆ ಪ್ರಶ್ನೆ ಕೊನೇಗೆ. ಮೊದಲನೇದು, ದುಡ್ಡು ಯಾವ ಬಾಗಿಲಿಂದ ವಾಪಸ್ ಬರುತ್ತೆ, ಯಾವ ಕರೆನ್ಸಿಲಿ, ಯಾವ ಬ್ಯಾಂಕಲ್ಲಿ. ಒಳಗೆ ಹೋಗಕ್ಕೆ ಕೆಂಪು ಹಾಸು ಹಾಸ್ತಾರೆ, ಈಚೆ ಬರೋ ಬಾಗಿಲು ಇಲಿಬೋನಿನದ್ದು. 2008-09ರಲ್ಲಿ ವಿದೇಶಿ ಕಂಪನಿಗಳ ದುಡ್ಡನ್ನ ಕ್ಯೂಬಾ ಬ್ಯಾಂಕುಗಳು ಫ್ರೀಝ್ ಮಾಡಿ ಕೂತಿದ್ವು, ಪುಸ್ತಕದಲ್ಲಿ ಬ್ಯಾಲೆನ್ಸ್ ಇದೆ, ತೆಗೆಯೋಂಗಿಲ್ಲ. 2015ರಲ್ಲಿ ಪ್ಯಾರಿಸ್ ಕ್ಲಬ್ (ಸಾಲ ಕೊಟ್ಟ ಶ್ರೀಮಂತ ದೇಶಗಳ ಕೂಟ) ದೇಶಗಳು 1110 ಕೋಟಿ ಡಾಲರ್ ಬಾಕಿಲಿ 850 ಕೋಟಿ ಮನ್ನಾ ಮಾಡಿದ್ವು, ಉಳಿದಿದ್ದನ್ನಾದ್ರೂ ಟೈಮಿಗೆ ಕಟ್ಟಿದ್ರಾ ಅಂದ್ರೆ ನಾಲ್ಕೈದು ವರ್ಷದಲ್ಲೇ ಕಂತು ತಪ್ಪಿತು. ಸರ್ಕಾರಗಳಿಗೇ ಹಿಂಗೆ ಆದ್ಮೇಲೆ ನಿಮ್ಮ ನಮ್ಮ ಬಿಲ್ಲು ಯಾವ ಲೆಕ್ಕ.

ಎರಡನೇದು, ನಿಮಗೆ ಅಮೆರಿಕದ ಜೊತೆ ಎಷ್ಟು ನಂಟಿದೆ. ಅಮೆರಿಕದ ಪ್ರಜೆ, ಗ್ರೀನ್ ಕಾರ್ಡಿನವರು ಎಲ್ಲೇ ಇದ್ರೂ ಅವರ ಮೇಲೆ ಈ ನಿರ್ಬಂಧ ಅನ್ವಯ, ಅಷ್ಟೇ ಅಲ್ಲ, ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡು ಎಚ್1ಬಿ ಮೇಲೆ ಅಮೆರಿಕದಲ್ಲಿ ಕೂತಿರೋರಿಗೂ ಅನ್ವಯ. ನ್ಯೂಜೆರ್ಸಿ ಕಸಿನ್‌ಗೆ ಇಲ್ಲೇ ಉತ್ತರ ಸಿಕ್ತು, ಹವಾನಾ ಮನೆ ಮರೆತುಬಿಡು ತಾಯಿ. (ಅಮೆರಿಕದ ತಾಪತ್ರಯ ಬಿಟ್ಟಾಕಿದ್ರೂ ಕ್ಯೂಬಾದಲ್ಲಿ ಪರ್ಮನೆಂಟ್ ರೆಸಿಡೆಂಟ್ ಅಲ್ಲದ ವಿದೇಶಿಯರು ಮಾಮೂಲಿ ಮನೆ ಕೊಳ್ಳೋಂಗಿಲ್ಲ. ಬಹಳ ಜನ ಲೋಕಲ್ ಗೆಳತಿ ಹೆಸರಲ್ಲಿ ತಗೊಂಡು ಆಮೇಲೆ ಮನೆನೂ ಇಲ್ಲ ಗೆಳತಿನೂ ಇಲ್ಲ ಅಂತ ಬರ್ತಾರೆ.) ಬ್ರಿಟನ್, ಜರ್ಮನಿ ಪಾಸ್‌ಪೋರ್ಟ್ ಇರೋ ಕನ್ನಡಿಗರಿಗೆ ಇನ್ನೊಂದು ಕಿರಿಕಿರಿ: 2021ರ ಜನವರಿ 12ರ ನಂತರ ಕ್ಯೂಬಾಗೆ ಕಾಲಿಟ್ಟಿದ್ರೆ ಅಮೆರಿಕಕ್ಕೆ ವೀಸಾ ಇಲ್ಲದೆ ಹೋಗೋ ಎಸ್ಟಾ ಸೌಲಭ್ಯ ಹೋಯ್ತು, ಎಂಬೆಸಿಗೆ ಹೋಗಿ ಪೂರ್ತಿ ವೀಸಾನೇ ತಗೋಬೇಕು. ಕೆನಡಾ ಪಾಸ್‌ಪೋರ್ಟಿಗೆ ಆ ಕಾಟ ಇಲ್ಲ.

ಮೂರನೇದು, ಆ ಕಡೆ ಪಾರ್ಟ್ನರ್ ಯಾರು. ನಾಲ್ಕನೇದು, ಎಷ್ಟು ವರ್ಷ ಆ ದುಡ್ಡನ್ನ ಮರೆತು ನಿದ್ದೆ ಮಾಡಬಲ್ಲಿರಿ. ಈ ನಾಲ್ಕನ್ನ ತಲೇಲಿ ಇಟ್ಕೊಂಡು ಈಗ ಒಂದೊಂದೇ ದಾರಿ ನೋಡೋಣ.

ಮಾರಿಯೆಲ್ ಝೋನು ಮತ್ತೆ ಸರ್ಕಾರದ ಜೊತೆ ಪಾಲುದಾರಿಕೆ

ಮಾರಿಯೆಲ್ ಅಂದ್ರೆ ವಿದೇಶಿ ಹೂಡಿಕೆಗೆ ಅಂತಲೇ ಸರ್ಕಾರ ಮಾಡಿರೋ ವಿಶೇಷ ಆರ್ಥಿಕ ವಲಯ, ಕಾಗದದ ಮೇಲೆ ಇದರಷ್ಟು ಚೆಂದ ಯಾವುದೂ ಇಲ್ಲ. ಹವಾನಾದಿಂದ ಪಶ್ಚಿಮಕ್ಕೆ 45 ಕಿಲೋಮೀಟರ್, 465 ಚದರ ಕಿಲೋಮೀಟರ್ ಜಾಗ, 2013ರಲ್ಲಿ ಶುರು, ಬ್ರೆಜಿಲ್ ಸಾಲದಲ್ಲಿ ಕಟ್ಟಿದ ಬಂದರು, ಸಿಂಗಪುರದ ಪಿಎಸ್‌ಎ ನಡೆಸೋ ಕಂಟೇನರ್ ಟರ್ಮಿನಲ್. ಲಾಭದ ಮೇಲೆ ಹತ್ತು ವರ್ಷ ಟ್ಯಾಕ್ಸ್ ಇಲ್ಲ, ಆಮೇಲೆ 12 ಪರ್ಸೆಂಟ್. ಝೋನಿನ ಹೊರಗಾದ್ರೆ 2014ರ ವಿದೇಶಿ ಹೂಡಿಕೆ ಕಾನೂನಿನ ಪ್ರಕಾರ ಜಾಯಿಂಟ್ ವೆಂಚರಿಗೆ ಎಂಟು ವರ್ಷ ರಜೆ, ಆಮೇಲೆ 15. ನಮ್ಮ ಪೀಣ್ಯದವನು ಇದನ್ನ ಕೇಳಿ ಬಾಯಿ ಬಿಟ್ಕೊಂಡು ಕೂತ, ನಾನು ಕೇಳ್ದೆ, ಟ್ಯಾಕ್ಸ್ ಉಳಿಸಕ್ಕೆ ಮೊದಲು ಲಾಭ ಬರ್ಬೇಕಲ್ವೇನಪ್ಪ, ಬಂದ ಲಾಭ ಡಾಲರ್ ಆಗ್ಬೇಕಲ್ವಾ.

ಕೆಲಸದವರನ್ನ ನೀವೇ ನೇರ ತಗೊಳ್ಳೋಂಗಿರ್ಲಿಲ್ಲ, ಸರ್ಕಾರದ್ದೇ ನೇಮಕಾತಿ ಏಜೆನ್ಸಿ ಇದೆ, ನೀವು ವಿದೇಶಿ ಕರೆನ್ಸಿಲಿ ಅವರಿಗೆ ಕಟ್ಬೇಕು, ಅವರು ಕೆಲಸದವನಿಗೆ ಅಲ್ಲಿನ ಕರೆನ್ಸಿ ಪೆಸೊದಲ್ಲಿ ಕೊಡ್ತಾರೆ, ಮಧ್ಯದಲ್ಲಿ ಏನು ಕರಗುತ್ತೆ ಅಂತ ನೀವೇ ಊಹಿಸ್ಕೊಳ್ಳಿ. ಇದನ್ನ ಸಡಿಲ ಮಾಡ್ತೀವಿ, ನೇರ ನೇಮಕಕ್ಕೆ ಬಿಡ್ತೀವಿ ಅಂತ 2025ರ ಹವಾನಾ ವ್ಯಾಪಾರ ಮೇಳದಲ್ಲಿ ಘೋಷಣೆ ಮಾಡಿದ್ರು. ಘೋಷಣೆಗಳು ಅಲ್ಲಿ ಚೆನ್ನಾಗೇ ಬೆಳೆಯುತ್ವೆ, ಕಬ್ಬು ಮಾತ್ರ ಬೆಳೀತಿಲ್ಲ. ತಮಾಷೆಗೆ ಹೇಳ್ತಿಲ್ಲ, ಒಂದು ಕಾಲದಲ್ಲಿ ವರ್ಷಕ್ಕೆ 80 ಲಕ್ಷ ಟನ್ ಸಕ್ಕರೆ ತೆಗೀತಿದ್ದ ದೇಶ ಈಗ ಸಕ್ಕರೆ ಆಮದು ಮಾಡ್ಕೊಳ್ತಿದೆ, ಮಂಡ್ಯದವರಿಗೆ ಇದು ಎಂಥ ಸಂಕಟ ಅಂತ ಗೊತ್ತಾಗುತ್ತೆ.

ಸರ್ಕಾರದ ಜೊತೆ ಪಾಲು ಅಂದ್ರೆ ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಕಥೆ. ಯೂನಿಲಿವರ್ ತೊಂಬತ್ತರ ದಶಕದಲ್ಲೇ ಅಲ್ಲಿ ಸೋಪು ಪೇಸ್ಟು ಮಾಡ್ತಿತ್ತು, ಕಂಟ್ರೋಲ್ ಯಾರ ಕೈಲಿ ಅನ್ನೋದರಲ್ಲಿ ಹೊಂದಾಣಿಕೆ ಆಗದೆ ಈಚೆ ಬಂತು, ಮತ್ತೆ 2016ರಲ್ಲಿ 60 ಪರ್ಸೆಂಟ್ ಪಾಲು ಕೊಡ್ತೀವಿ ಅಂದ್ಮೇಲೆ ಮಾರಿಯೆಲ್‌ಗೆ ಮೂರೂವರೆ ಕೋಟಿ ಡಾಲರ್ ಹೂಡಿಕೆಯ ಒಪ್ಪಂದ ಮಾಡ್ಕೊಂಡು ವಾಪಸ್ ಹೋಯ್ತು. ನೆಸ್ಲೆನೂ ಕಾಫಿ ಫ್ಯಾಕ್ಟರಿ ಹಾಕಿದೆ. ಇವರೆಲ್ಲ ಇಪ್ಪತ್ತು ವರ್ಷ ಕಾಯೋ ಶಕ್ತಿ ಇರೋರು. ನಡುವಿನ ಗಾತ್ರದವರ ಕಥೆ ಬೇಕಾ, ನಮ್ಮ ಒಂಟಾರಿಯೊದ್ದೇ ಟೋಕ್ಮಾಕ್ಜಿಯನ್ ಗ್ರೂಪು, ಕ್ಯೂಬಾಗೆ ವಾಹನ, ಗಣಿ ಸಾಮಾನು ಮಾರಿ ಚೆನ್ನಾಗಿದ್ದ ಕಂಪನಿ, 2011ರಲ್ಲಿ ಮಾಲೀಕರನ್ನೇ ಭ್ರಷ್ಟಾಚಾರದ ಕೇಸಲ್ಲಿ ಹಿಡಿದ್ರು, 2014ರಲ್ಲಿ 15 ವರ್ಷ ಶಿಕ್ಷೆ, 10 ಕೋಟಿ ಡಾಲರ್ ಆಸುಪಾಸಿನ ಆಸ್ತಿ ಜಪ್ತಿ. 2015ರ ಫೆಬ್ರವರಿಲಿ ಅವರನ್ನ ಬಿಟ್ರು, ಆಸ್ತಿನ ಬಿಡ್ಲಿಲ್ಲ.

ಮತ್ತೆ ಹೆಲ್ಮ್ಸ್-ಬರ್ಟನ್. ಕ್ರಾಂತಿ ಆದ್ಮೇಲೆ ಕ್ಯಾಸ್ಟ್ರೋ ಸರ್ಕಾರ ಅಮೆರಿಕದವರ ಆಸ್ತಿ ಎಲ್ಲಾ ರಾಷ್ಟ್ರೀಕರಣ ಮಾಡ್ತು, ಅಮೆರಿಕ ಸರ್ಕಾರದ ಆಯೋಗ ಸರ್ಟಿಫೈ ಮಾಡಿರೋ ಕ್ಲೇಮುಗಳೇ 5913. ಅಂಥ ಜಾಗದಲ್ಲಿ ನೀವು ವ್ಯಾಪಾರ ಮಾಡಿದ್ರೆ ಹಳೇ ಮಾಲೀಕ ಅಮೆರಿಕದ ಕೋರ್ಟಲ್ಲಿ ನಿಮ್ಮ ಮೇಲೆ ಕೇಸು ಹಾಕ್ಬಹುದು. ಈ ಭಾಗವನ್ನ ಪ್ರತಿ ಅಧ್ಯಕ್ಷರೂ ಆರಾರು ತಿಂಗಳು ಮುಂದೆ ತಳ್ತಾ ಬಂದಿದ್ರು, 2019ರ ಮೇ 2ರಿಂದ ಜಾರಿಗೆ ಬಂತು. ಹವಾನಾದ ಹಳೇ ಹಡಗುಕಟ್ಟೆ ಬಳಸಿದ್ರು ಅಂತ ನಾಲ್ಕು ಕ್ರೂಸ್ ಕಂಪನಿಗಳ ಮೇಲೆ 2022ರಲ್ಲಿ ತಲಾ 10 ಕೋಟಿ ಡಾಲರಿಗೂ ಮೇಲೆ ತೀರ್ಪು ಬಂತು, 2024ರಲ್ಲಿ ಮೇಲ್ಮನವಿ ಕೋರ್ಟು ಅದನ್ನ ತಳ್ಳಿಹಾಕ್ತು, ಆಮೇಲೆ ವಿಷ್ಯ ಸುಪ್ರೀಂ ಕೋರ್ಟಿಗೆ ಹೋಯ್ತು. ನಮ್ಮೂರಲ್ಲಿ ಸೈಟ್ ತಗೊಳ್ಳೋವಾಗ ಇಸಿ ತೆಗೆಸಿ ಮೂವತ್ತು ವರ್ಷದ ಹಿಂದಕ್ಕೆ ನೋಡ್ತೀವಲ್ಲ, ಅಲ್ಲಿ ಅರವತ್ತೈದು ವರ್ಷ ಹಿಂದಕ್ಕೆ ನೋಡ್ಬೇಕು, ಅಷ್ಟೇ ವ್ಯತ್ಯಾಸ.

ಒಟ್ಟು ಈ ದಾರಿ ಕೋಟಿಗಟ್ಟಲೆ ಡಾಲರ್ ಇರೋರಿಗೆ, ಹತ್ತು ಹದಿನೈದು ವರ್ಷ ಕಾಯೋರಿಗೆ, ಅಮೆರಿಕದಲ್ಲಿ ಏನೂ ವ್ಯವಹಾರ ಇಲ್ಲದೋರಿಗೆ. ನನ್ನ ಪರಿಚಯದಲ್ಲಂತೂ ಅಂಥವರು ಒಬ್ಬರೂ ಇಲ್ಲ.

ಹೋಟೆಲು, ಟೂರಿಸಂ

ಇದನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ಲೆಕ್ಕವೇ ಬೇಗ ಮುಗಿಯುತ್ತೆ. 2018ರಲ್ಲಿ 47 ಲಕ್ಷದಷ್ಟು ಪ್ರವಾಸಿಗರು ಬಂದಿದ್ರು, 2024ರಲ್ಲಿ 22 ಲಕ್ಷ. ಅದೇ ಟೈಮಲ್ಲಿ ಹೊಸ ಹೊಸ ಹೋಟೆಲ್ ಮೇಲೇಳ್ತಾನೇ ಇದ್ವು, ಹವಾನಾದ ವೆದಾದೊದಲ್ಲಿ 42 ಅಂತಸ್ತಿನದ್ದು 2025ರಲ್ಲಿ ಓಪನ್ ಆಯ್ತು. ಕಟ್ಟಡ ಹೆಚ್ಚಾಗಿ ಸೇನೆಗೆ ಸೇರಿದ ಗಾಯೆಸಾ ಅನ್ನೋ ದೈತ್ಯ ಗುಂಪಿನದ್ದು, ವಿದೇಶಿ ಕಂಪನಿ ಬರೀ ನಡೆಸಿಕೊಡುತ್ತೆ, ಫೀಸು ತಗೊಳ್ಳುತ್ತೆ. ಸ್ಪೇನಿನ ಮೆಲಿಯಾ 1990ರಿಂದ ಇದೇ ಮಾಡ್ತಿರೋದು. ಚೆನ್ನೈ ಮೂಲದ ಎಂಜಿಎಂ ಮುತ್ತು ಗುಂಪೂ ಅಲ್ಲಿ ಹಲವು ಹೋಟೆಲ್ ನಡೆಸ್ತಿದೆ, ವರದೆರೊ ಅನ್ನೋ ಬೀಚಿನ ಊರಿನ ರಸ್ತೇಲಿ ಮುತ್ತು ಅನ್ನೋ ಬೋರ್ಡ್ ನೋಡಿ ನಾನೂ ನನ್ನ ಹೆಂಡ್ತಿನೂ ಬಸ್ಸಲ್ಲಿ ನಕ್ಕಿದ್ದೇ ನಕ್ಕಿದ್ದು. ಬಂಡವಾಳ ಕಮ್ಮಿ, ಹೆಸರು ಮತ್ತೆ ಅನುಭವ ನಿಮ್ಮದು, ಆ ಮಟ್ಟಿಗೆ ಬುದ್ಧಿವಂತ ಮಾದರಿ. ಆದ್ರೆ ಇದಕ್ಕೆ ಮೊದಲೇ ಹೋಟೆಲ್ ಚೈನ್ ಇರ್ಬೇಕು. ಮತ್ತೆ ಗಾಯೆಸಾ ಕಂಪನಿಗಳು ಅಮೆರಿಕದ ನಿರ್ಬಂಧಿತ ಪಟ್ಟಿಲಿವೆ, ಅದನ್ನೂ ನೆನಪಿಟ್ಕೊಳ್ಳಿ.

ಮಾಲು ಮಾರೋದು, ಅದೂ ಖಾಸಗಿಯವರಿಗೆ

ನನಗೆ ಇಂಟರೆಸ್ಟ್ ಇರೋದು ಇಲ್ಲಿ. ಎರಡನೇ ಸಲ ಹೋದಾಗ ವರದೆರೊದಿಂದ ಒಂದಿನ ಹವಾನಾಗೆ ಹೋಗಿದ್ವಿ. ವೆದಾದೊದ ಒಂದು ಬೀದೀಲಿ, ಹಳೇ ಮನೆ, ಅದರ ಗ್ಯಾರೇಜಲ್ಲಿ ಅಂಗಡಿ. ಬಾಗಿಲಲ್ಲಿ ಪುಟ್ಟ ಜನರೇಟರ್ ಗುರ್ರ್ ಅಂತಿದೆ, ಬೀದಿಗೆಲ್ಲ ಕರೆಂಟಿಲ್ಲ, ಇವನ ಫ್ರೀಝರಿಗೆ ಮಾತ್ರ ಇದೆ. ಒಳಗೆ ಸ್ಪೇನಿನ ಎಣ್ಣೆ, ಬ್ರೆಜಿಲ್‌ನ ಬಿಸ್ಕತ್ತು, ಮೂವತ್ತು ಮೊಟ್ಟೆಯ ಟ್ರೇ 3000 ಪೆಸೊ, ಅಂದ್ರೆ ಅಲ್ಲಿನ ಸರ್ಕಾರಿ ಸಂಬಳದವನ ಅರ್ಧ ತಿಂಗಳ ದುಡಿಮೆ ಹತ್ರಹತ್ರ. ಫ್ರೀಝರ್ ಮೇಲೆ ರಟ್ಟಿನ ಡಬ್ಬ, ಕೋಳಿ ಕಾಲು, ಡಬ್ಬದ ಮೇಲೆ ಅಮೆರಿಕದಲ್ಲಿ ತಯಾರಾದದ್ದು ಅಂತ ಪ್ರಿಂಟು! ಅರವತ್ತು ವರ್ಷದ ದಿಗ್ಬಂಧನ, ಕೋಳಿ ಮಾತ್ರ ಆ ಕಡೆಯಿಂದ. ಆಮೇಲೆ ತಿಳ್ಕೊಂಡೆ, 2000ನೇ ಇಸವಿಯ ಒಂದು ಕಾನೂನಿನ ಪ್ರಕಾರ ಆಹಾರ ಪದಾರ್ಥಕ್ಕೆ ವಿನಾಯಿತಿ ಇದೆ, ಮುಖ್ಯ ಷರತ್ತು, ಅಮೆರಿಕದೋರು ಸಾಲ ಕೊಡೋಂಗಿಲ್ಲ, ಮೊದಲು ದುಡ್ಡು ಆಮೇಲೆ ಮಾಲು. 2024ರಲ್ಲಿ 40 ಕೋಟಿ ಡಾಲರಿಗೂ ಮೇಲೆ ಅಮೆರಿಕದ ಆಹಾರ ಸರಕು ಕ್ಯೂಬಾಗೆ ಹೋಗಿದೆ, ಅಮೆರಿಕದೋರ ಸಾಲ ಇಲ್ಲದೆ. ನಿರ್ಬಂಧ ಹಾಕಿದೋರೇ ಸಾಲ ಕೊಡದೆ ವ್ಯಾಪಾರ ಮಾಡಿ ದುಡ್ಡು ಎಣಿಸ್ತಿದಾರೆ, ನಿರ್ಬಂಧ ಇಲ್ಲದ ದೇಶದೋರು ಸಾಲ ಕೊಟ್ಟು ಬಾಗಿಲು ಕಾಯ್ತಿದಾರೆ.

ಈ ಗ್ಯಾರೇಜ್ ಅಂಗಡಿಗಳಿಗೆ ಅಲ್ಲಿ ಮಿಪಿಮೆ ಅಂತಾರೆ, ಸಣ್ಣ ಮಧ್ಯಮ ಖಾಸಗಿ ಕಂಪನಿ. 2021ರ ಆಗಸ್ಟಲ್ಲಿ ಕಾನೂನು ಬಂತು, ನೂರು ಜನರ ತನಕ ಕೆಲಸಕ್ಕೆ ಇಟ್ಕೋಬಹುದು, ಮೂರ್ನಾಲ್ಕು ವರ್ಷದಲ್ಲಿ 11 ಸಾವಿರಕ್ಕೂ ಹೆಚ್ಚು ಕಂಪನಿಗೆ ಪರ್ಮಿಷನ್ ಸಿಕ್ಕಿದೆ. ಆಮದು ಪೇಪರ್ ಸರ್ಕಾರಿ ಟ್ರೇಡಿಂಗ್ ಕಂಪನಿ ಮೂಲಕವೇ ಹೋಗ್ಬೇಕು, ಆದ್ರೆ ಕೊಳ್ಳೋನು, ಬೆಲೆ ಮಾತಾಡೋನು, ದುಡ್ಡು ಕೊಡೋನು ಖಾಸಗಿಯವನು. ಬಹಳ ಜನಕ್ಕೆ ಪನಾಮಾದಲ್ಲೋ ಸ್ಪೇನಲ್ಲೋ ನೆಂಟರು, ಅಕೌಂಟು ಇರುತ್ತೆ. ಅಲ್ಲಿಂದ ಯೂರೋದಲ್ಲಿ ನಿಮಗೆ ದುಡ್ಡು ಬಂದ್ರೆ ಮಾತ್ರ ವ್ಯವಹಾರ.

ಸರ್ಕಾರಿ ಕಂಪನಿಯವರು ಬಂದು 360 ದಿನದ ಎಲ್‌ಸಿ (ಅಷ್ಟು ದಿನ ಆದ್ಮೇಲೆ ದುಡ್ಡು ಕೊಡ್ತೀವಿ ಅನ್ನೋ ಬ್ಯಾಂಕಿನ ಪತ್ರ) ಕೊಡ್ತೀವಿ ಅಂತಾರೆ, ಬೆಲೆನೂ ಚೆನ್ನಾಗೇ ಹೇಳ್ತಾರೆ, ದುಡ್ಡು ಕೊಡದೆ ಇರೋನಿಗೆ ಬೆಲೆ ಹೇಳಕ್ಕೆ ಏನು ಕಷ್ಟ. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ವೀರಭದ್ರ ಅನ್ನೋ ಗಾದೆ ಹವಾನಾದಲ್ಲೇ ಹುಟ್ಟಿದ್ದಿರ್ಬೇಕು. ಅಡ್ವಾನ್ಸ್ ಕೊಡ್ತಾರಾ, ಮಾಡಿ. ಅರ್ಧ ಅಡ್ವಾನ್ಸ್ ಅಂದ್ರೆ, ಆ ಅರ್ಧದಲ್ಲಿ ನಿಮ್ಮ ಅಸಲು ಹುಟ್ಟುತ್ತಾ ನೋಡ್ಕೊಂಡು ಮಾಡಿ. ಪೂರ್ತಿ ಸಾಲ ಅಂದ್ರೆ ಕೈ ಮುಗಿದು ಬನ್ನಿ.

ಬ್ಯಾಂಕಿನ ತಲೆನೋವು ಬೇರೆ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು ಸುಡಾನ್, ಇರಾನ್, ಕ್ಯೂಬಾ ವ್ಯವಹಾರ ಅಮೆರಿಕದ ಮೂಲಕ ಹಾಯಿಸಿದ್ದಕ್ಕೆ 890 ಕೋಟಿ ಡಾಲರ್ ದಂಡ ಕಟ್ತು. ಅವತ್ತಿಂದ ನ್ಯೂಯಾರ್ಕಲ್ಲಿ ಒಂದು ಟೇಬಲ್ ಇಟ್ಕೊಂಡಿರೋ ಬ್ಯಾಂಕೂ ಕ್ಯೂಬಾ ಹೆಸರು ಕೇಳಿದ್ರೆ ಬೆಚ್ಚಿ ಬೀಳುತ್ತೆ. ಡಾಲರಲ್ಲಿ ಇನ್ವಾಯ್ಸ್ ಮಾಡ್ಬೇಡಿ, ಯೂರೋದಲ್ಲಿ ಮಾಡಿ, ಆರ್ಡರ್ ಒಪ್ಕೊಳ್ಳೋ ಮುಂಚೆ ನಿಮ್ಮ ಬ್ರಾಂಚ್ ಮ್ಯಾನೇಜರ್ ಹತ್ರ ಅಲ್ಲ, ಅವರ ಹೆಡ್ ಆಫೀಸಲ್ಲಿ ನಿಯಮ ಪಾಲನೆ ನೋಡೋ ಕಂಪ್ಲಯನ್ಸ್ ವಿಭಾಗದಿಂದ ಬರವಣಿಗೆಲಿ ತಗೊಳ್ಳಿ. ಇಸಿಜಿಸಿ (ರಫ್ತು ಮಾಡೋರಿಗೆ ದುಡ್ಡು ಬರದೆ ಹೋದ್ರೆ ಅಂತ ವಿಮೆ ಕೊಡೋ ನಮ್ಮ ಸರ್ಕಾರಿ ಕಂಪನಿ) ಇನ್ಶೂರೆನ್ಸ್ ಸಿಗುತ್ತಾ, ಯಾವ ಷರತ್ತಿಗೆ, ಅದನ್ನೂ ಆವತ್ತೇ ಕೇಳಿ.

ಇನ್ನೊಂದು, ಜನ ಮರೆಯೋದು. ನಿಮ್ಮ ಮಾಲು ಇಂಡಿಯಾದಲ್ಲೇ ತಯಾರಾಗಿದ್ರೂ ಅದರೊಳಗೆ ಅಮೆರಿಕ ಮೂಲದ, ಅಲ್ಲಿನ ರಫ್ತು ನಿಯಂತ್ರಣಕ್ಕೆ ಒಳಪಟ್ಟ ಪಾರ್ಟುಗಳ ಬೆಲೆ 10 ಪರ್ಸೆಂಟ್ ಮೀರಿದ್ರೆ ಕ್ಯೂಬಾಗೆ ಕಳಿಸಕ್ಕೆ ಅಮೆರಿಕದ ಲೈಸೆನ್ಸ್ ಬೇಕಾಗ್ಬಹುದು, ಬೇರೆ ಬಹುತೇಕ ದೇಶಗಳಿಗೆ ಈ ಮಿತಿ 25. ಮಜಾ ಏನಂದ್ರೆ, ಕ್ಯೂಬಾದೋರು ಕೇಳೋ ಮಾಲೆಲ್ಲ ಇಂಥ ಪಾರ್ಟು ಇರೋ ಜಾತಿದೇ. 2024ರ ಅಕ್ಟೋಬರ್ 18ಕ್ಕೆ ಮತಾನ್ಸಾಸ್‌ನ ಗಿತೆರಾಸ್ ಪವರ್ ಪ್ಲಾಂಟ್ ಕೆಟ್ಟು ಇಡೀ ದೇಶದ ಗ್ರಿಡ್ಡೇ ಮಲಗ್ತು, ಆಮೇಲೂ ಎಷ್ಟೋ ಸಲ ಮಲಗಿದೆ. ಹಂಗಾಗಿ ಇನ್ವರ್ಟರ್, ಬ್ಯಾಟರಿ, ಸೋಲಾರ್ ಸಾಮಾನಿಗೆ ನಿಜವಾದ ಬೇಡಿಕೆ ಇದೆ, ಆದ್ರೆ ಚೀನಾದೋರು ದೊಡ್ಡ ಮಟ್ಟದಲ್ಲಿ ಸೋಲಾರ್ ಪಾರ್ಕ್ ಹಾಕ್ತಾ ಆಗ್ಲೇ ಒಳಗಿದಾರೆ, ಬೆಲೇಲಿ ಅವರ ಜೊತೆ ಗುದ್ದಾಡೋದು ಸುಮ್ನೆ ಅಲ್ಲ. ಸಣ್ಣ ಪಾರ್ಟು, ಸರ್ವಿಸ್ ಸುಲಭ ಇರೋ ಸಾಮಾನು, ಔಷಧಿ, ಇಂಥದ್ದರಲ್ಲಿ ನಮ್ಮೋರಿಗೆ ಜಾಗ ಇದೆ ಅಂತ ನನ್ನ ಅನಿಸಿಕೆ.

ಪೆಸೊಲಿ ಬಂದ ಲಾಭ ಲಾಭ ಅಲ್ಲ ಅಂತ ತಿಳ್ಕೊಳ್ಳಿ. 2021ರ ಜನವರಿಲಿ ಸರ್ಕಾರ ಡಾಲರಿಗೆ 24 ಪೆಸೊ ಅಂತ ಫಿಕ್ಸ್ ಮಾಡ್ತು, 2025ರಲ್ಲಿ ಬೀದಿ ರೇಟು 400 ದಾಟಿತ್ತು. ನಮ್ಮ ಗೈಡಿಗೆ ಪೆಸೊ ಟಿಪ್ಸ್ ಕೊಡಕ್ಕೆ ಹೋದ್ರೆ ನಯವಾಗಿ ಬೇಡ ಅಂದ, ಹೋಟೆಲ್ ಸೋಪು ಶಾಂಪು ಇದ್ರೆ ಕೊಡಿ ಅಂದ. ಕೊಟ್ವಿ.

ಶೇರು ತಗೊಂಡು ದೂರ ಕೂರೋದು

ಚಿಕ್ಕಪ್ಪನಿಗೆ ಬೇಕಿದ್ದು ಇದು. ಕ್ಯೂಬಾದಲ್ಲಿ ಶೇರು ಮಾರ್ಕೆಟ್ಟೇ ಇಲ್ಲ, ಹಂಗಾಗಿ ಹೊರಗಡೆ ಲಿಸ್ಟ್ ಆಗಿರೋ, ಕ್ಯೂಬಾದಲ್ಲಿ ಕೈ ಇರೋ ಕಂಪನಿಗಳು. ಟೊರಾಂಟೊದಲ್ಲಿ ಶೆರಿಟ್, ಕ್ಯೂಬಾದ ಮೋವಾ ಅನ್ನೋ ಊರಲ್ಲಿ ಕ್ಯೂಬಾ ಸರ್ಕಾರದ ಜೊತೆ ಅರ್ಧರ್ಧ ಪಾಲಲ್ಲಿ ನಿಕ್ಕಲ್ ಕೋಬಾಲ್ಟ್ ಗಣಿ, ಜೊತೆಗೆ ವಿದ್ಯುತ್ ಘಟಕ. ಆ ಗಣಿ 1960ಕ್ಕೆ ಮುಂಚೆ ಅಮೆರಿಕನ್ನರದ್ದು, ಅದಕ್ಕೇ ಶೆರಿಟ್ ಅಧಿಕಾರಿಗಳಿಗೆ, ಅವರ ಮನೆಯೋರಿಗೂ ಅಮೆರಿಕ ವೀಸಾ ಬಂದ್ ಮಾಡಿತ್ತು. 2008ರ ಸುಮಾರಿಗೆ ಶೇರು 15 ಕೆನಡಾ ಡಾಲರ್ ಮೇಲಿತ್ತು, 2025ರಲ್ಲಿ 20 ಸೆಂಟ್ ಒಳಗೆ. ಕ್ಯೂಬಾ ಕೊಡಬೇಕಿದ್ದ ಬಾಕಿಗೆ ದುಡ್ಡಿನ ಬದ್ಲು ಕೋಬಾಲ್ಟನ್ನೇ ಕೊಡೋ ಒಪ್ಪಂದ 2022ರಲ್ಲಿ ಆಯ್ತು, ನಮ್ಮೂರಲ್ಲಿ ಸಾಲಕ್ಕೆ ಬದ್ಲು ಭತ್ತ ಅಳೆದು ಕೊಡ್ತಿದ್ದಂಗೆ. ಇದರಲ್ಲಿ ಕ್ಯೂಬಾ ರಿಸ್ಕ್ ಜೊತೆ ನಿಕ್ಕಲ್ ಬೆಲೆಯ ರಿಸ್ಕೂ ಸೇರುತ್ತೆ, ಕ್ಯೂಬಾ ಉದ್ಧಾರ ಆಗಿ ನಿಕ್ಕಲ್ ಬಿದ್ರೂ ನಿಮಗೆ ಪೆಟ್ಟು.

ಮೆಲಿಯಾ ಮ್ಯಾಡ್ರಿಡಲ್ಲಿ ಲಿಸ್ಟ್ ಆಗಿದೆ, ಆದ್ರೆ ಅದು ಜಗತ್ತಿನೆಲ್ಲೆಡೆ ಹೋಟೆಲ್ ಇರೋ ಕಂಪನಿ, ಕ್ಯೂಬಾ ಒಂದು ತುಣುಕು. ಸೇಫ್, ಆದ್ರೆ ಹತ್ತು ಪಟ್ಟಿನ ಕನಸು ಮರೆತುಬಿಡಿ. ಲಂಡನ್ನಲ್ಲಿ 2018ರಿಂದ ಸೀಬಾ ಇನ್ವೆಸ್ಟ್‌ಮೆಂಟ್ಸ್ ಇದೆ, ಹವಾನಾದ ಮಿರಮಾರ್ ಟ್ರೇಡ್ ಸೆಂಟರ್ ಅನ್ನೋ ಆಫೀಸ್ ಕಟ್ಟಡ ಮತ್ತೆ ಹೋಟೆಲುಗಳಲ್ಲಿ ಪಾಲು, ನೇರ ಕ್ಯೂಬಾ ಅಂದ್ರೆ ಇದೇ. ಪುಸ್ತಕದಲ್ಲಿರೋ ಆಸ್ತಿ ಬೆಲೆಗಿಂತ ಶೇರು ಬಹಳ ಕೆಳಗೆ ಓಡ್ತಾ ಇರುತ್ತೆ. ಅಗ್ಗ ಅಂತ ಕಾಣುತ್ತೆ, ಆದ್ರೆ ಆ ಆಸ್ತಿನ ಯಾರಿಗೆ ಮಾರಿ ಯಾವ ಕರೆನ್ಸಿಲಿ ಈಚೆ ತರ್ತಾರೆ ಅನ್ನೋ ಪ್ರಶ್ನೆಗೆ ಮಾರ್ಕೆಟ್ ಕೊಟ್ಟಿರೋ ಉತ್ತರವೇ ಆ ರೇಟು.

ಒಂದು ಫನ್ನಿ ಕೇಸು ಹೇಳ್ಲೇಬೇಕು. ಅಮೆರಿಕದ ನಾಸ್ಡಾಕಲ್ಲಿ ಹರ್ಜ್‌ಫೆಲ್ಡ್ ಅಂತ ಒಂದು ಫಂಡ್ ಇತ್ತು, ಅದರ ಟಿಕ್ಕರ್ರೇ (ಮಾರ್ಕೆಟ್ಟಲ್ಲಿ ಗುರುತಿಸೋ ಕೋಡು) CUBA ಅಂತ. ಒಳಗೆ ನೋಡಿದ್ರೆ ಕ್ಯೂಬಾದ್ದು ಹೆಚ್ಚುಕಮ್ಮಿ ಏನೂ ಇಲ್ಲ, ಕಾನೂನಿನ ಪ್ರಕಾರ ಹೊಸದಾಗಿ ಕೊಳ್ಳಕ್ಕೂ ಆಗಲ್ಲ, ಇದ್ದಿದ್ದು ಕ್ರೂಸ್ ಕಂಪನಿ, ಪನಾಮಾದ ವಿಮಾನ ಕಂಪನಿ ಇಂಥವು. 2014ರಲ್ಲಿ ಒಬಾಮ ರಾಜಿ ಅಂದ ದಿನ ಜನ ಮುಗಿಬಿದ್ದು ತಗೊಂಡ್ರು, ಒಳಗಿರೋ ಆಸ್ತಿ ಬೆಲೆಗಿಂತ ಎಷ್ಟೋ ಮೇಲೆ ಹೋಯ್ತು, ಆಮೇಲೆ ನಿಧಾನಕ್ಕೆ ಇಳೀತು. ಆ ದಿನ ತಗೊಂಡೋರು ಏನು ತಗೊಂಡ್ರು ಅಂದ್ರೆ ನಾಲ್ಕಕ್ಷರ. ಆ ಫಂಡು ಈಗ ಹೆಸರು, ದಾರಿ ಎರಡೂ ಬದಲಾಯಿಸ್ಕೊಂಡಿದೆ.

ಇಂಡಿಯಾದಿಂದ ತಗೊಳ್ಳೋರಿಗೆ ಎಲ್‌ಆರ್‌ಎಸ್ (ಹೊರದೇಶಕ್ಕೆ ದುಡ್ಡು ಕಳಿಸಕ್ಕೆ ಆರ್‌ಬಿಐ ಮಾಡಿರೋ ವ್ಯವಸ್ಥೆ) ಕೆಳಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ, ಹತ್ತು ಲಕ್ಷ ರೂಪಾಯಿ ಮೀರಿದ್ದಕ್ಕೆ 20 ಪರ್ಸೆಂಟ್ ಟಿಸಿಎಸ್, ಅಂದ್ರೆ ಕಳಿಸೋವಾಗಲೇ ಹಿಡಿಯೋ ಟ್ಯಾಕ್ಸ್, ಕಟ್ ಆಗುತ್ತೆ, ರಿಟರ್ನ್ ಹಾಕಿದಾಗ ಸಿಗುತ್ತೆ. ಅಮೆರಿಕದ ಶೇರು ಆ್ಯಪುಗಳಲ್ಲಿ ಟೊರಾಂಟೊ ಲಂಡನ್ ಸಾಮಾನ್ಯವಾಗಿ ಇರಲ್ಲ, ಇದ್ರೂ ಅಮೆರಿಕನ್ ಬ್ರೋಕರ್ ಇಂಥ ಶೇರಿಗೆ ಆರ್ಡರ್ ತಗೊಳ್ದೆ ಇರಬಹುದು. ಕ್ಯೂಬಾನೇ ಮುಖ್ಯ ವ್ಯವಹಾರ ಆಗಿರೋ ಕಂಪನಿ ಶೇರು ಅಮೆರಿಕದಲ್ಲಿರೋರಿಗೆ ನಿಷಿದ್ಧದ ಲೆಕ್ಕಕ್ಕೇ ಬರುತ್ತೆ, ಕಸಿನ್‌ಗೆ ಎರಡನೇ ಸಲ ಬೇಡ.

ಬಯೋಕಾನ್ ಹಿಡಿದ ದಾರಿ

ಬೆಂಗಳೂರಿನೋರು ಎಷ್ಟು ಜನಕ್ಕೆ ಗೊತ್ತೋ ಇಲ್ವೋ, ದಿಗ್ಬಂಧನದ ಕ್ಯೂಬಾದಿಂದ ಲಾಭ ಎತ್ತಿದ ಒಳ್ಳೇ ಉದಾಹರಣೆ ನಮ್ಮ ಬೊಮ್ಮಸಂದ್ರದಲ್ಲೇ ಇದೆ. ಹವಾನಾದ ಮಾಲಿಕ್ಯುಲರ್ ಇಮ್ಯುನಾಲಜಿ ಸೆಂಟರಿನ ವ್ಯಾಪಾರದ ಕೈ ಸಿಮಾಬ್ ಅಂತ, ಅದರ ಜೊತೆ ಬಯೋಕಾನ್ ಇಪ್ಪತ್ತು ವರ್ಷಕ್ಕೂ ಹಿಂದೆನೇ ಜಾಯಿಂಟ್ ವೆಂಚರ್ ಮಾಡ್ತು. ಕ್ಯೂಬಾ ಕೊಟ್ಟಿದ್ದು ವಿದ್ಯೆ, ಫ್ಯಾಕ್ಟರಿ ಬೆಂಗಳೂರಲ್ಲಿ. ತಲೆ ಕುತ್ತಿಗೆ ಕ್ಯಾನ್ಸರಿನ ನಿಮೋಟುಝುಮ್ಯಾಬ್ 2006ರಲ್ಲಿ ಮಾರ್ಕೆಟ್ಟಿಗೆ ಬಂತು, ಸೋರಿಯಾಸಿಸ್‌ಗೆ ಇಟೋಲಿಝುಮ್ಯಾಬ್ 2013ರಲ್ಲಿ, ಆಮೇಲೆ 2020ರಲ್ಲಿ ಕೊರೊನಾ ರೋಗಿಗಳಿಗೂ ತುರ್ತು ಬಳಕೆಗೆ ಅನುಮತಿ ಸಿಕ್ತು. 2010ರಲ್ಲಿ ಸಿಮಾಬ್ ಪಾಲನ್ನೂ ಬಯೋಕಾನ್ ಕೊಂಡ್ಕೊಂಡ್ತು.

ಈಗ ನಾಲ್ಕು ಅಳತೆಲಿ ಇದನ್ನ ಇಟ್ಟು ನೋಡಿ. ಫ್ಯಾಕ್ಟರಿಗೆ ಹಾಕಿದ ದುಡ್ಡು ಕ್ಯೂಬಾದೊಳಗೆ ಹೋಗ್ಲೇ ಇಲ್ಲ, ಹಂಗಾಗಿ ಈಚೆ ತರೋ ಪ್ರಶ್ನೆನೇ ಇಲ್ಲ. ಆಸ್ತಿ ಬೆಂಗಳೂರಲ್ಲಿ, ಮಾರ್ಕೆಟ್ ಇಂಡಿಯಾದ್ದು, ಜಗಳ ಆದ್ರೆ ಕೋರ್ಟೂ ನಮ್ಮದು. ಪಾರ್ಟ್ನರ್ ಸರ್ಕಾರವೇ, ಆದ್ರೆ ದುಡ್ಡಿಗೆ ಅವರೇ ನಮ್ಮ ಕಡೆ ನೋಡ್ಬೇಕು. ಅಮೆರಿಕಕ್ಕೇ ಈ ವಿದ್ಯೆ ಬೇಕಾಗಿದೆ, ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿರೋ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆ ಕ್ಯೂಬಾದ ಶ್ವಾಸಕೋಶ ಕ್ಯಾನ್ಸರ್ ಲಸಿಕೆ ಸಿಮಾವ್ಯಾಕ್ಸ್‌ನ ಪರೀಕ್ಷೆಗೆ ವಿಶೇಷ ಲೈಸೆನ್ಸ್ ತಗೊಂಡು ಮಾಡ್ತು. ಸಕ್ಕರೆ ಕಾಯಿಲೆಯೋರ ಕಾಲಿನ ಹುಣ್ಣಿಗೆ ಹೆಬೆರ್ಪ್ರೋಟ್-ಪಿ ಅನ್ನೋ ಅವರ ಇಂಜೆಕ್ಷನ್ನೂ ಇದೆ, ಡಯಾಬಿಟಿಸ್ ಇರೋ ನಮ್ಮ ದೇಶಕ್ಕೆ ಎಂಥದ್ದು ಯೋಚ್ನೆ ಮಾಡಿ. ಅಡ್ಡಿ ಏನಂದ್ರೆ ಇದಕ್ಕೆ ಲ್ಯಾಬು, ಕ್ಲಿನಿಕಲ್ ಟ್ರಯಲ್ಲು, ಡಿಸಿಜಿಐ (ನಮ್ಮ ದೇಶದ ಔಷಧ ನಿಯಂತ್ರಕರು) ಅನುಮತಿ, ಹತ್ತು ವರ್ಷದ ತಾಳ್ಮೆ ಬೇಕು. ಸಣ್ಣ ಫಾರ್ಮಾ ಕಂಪನಿ ಇಟ್ಕೊಂಡಿರೋರು, ಎಲ್ಲರೂ ಹೋಟೆಲ್ ಬೀಚು ಅನ್ನೋವಾಗ, ಈ ಕಡೆ ತಲೆ ಹಾಕಿದ್ರೆ ತಪ್ಪಿಲ್ಲ.

ಹಂಗಾದ್ರೆ ಯಾರಿಗೆ ಯಾವುದು

ಕೈಲಿ ಐದು ಲಕ್ಷ ಇದೆ, ಹೋದ್ರೆ ಹೋಯ್ತು ಅನ್ನೋ ಧೈರ್ಯ ಇದೆ, ಅಮೆರಿಕದ ಗೊಡವೆ ಇಲ್ಲ ಅಂದ್ರೆ ಶೇರು ಸಾಕು. ನಾನು ಚಿಕ್ಕಪ್ಪನಿಗೆ ಹೇಳಿದ್ದು, ಲಾಟರಿಗೆ ಎಷ್ಟು ಹಾಕ್ತೀರೋ ಅಷ್ಟು ಮಾತ್ರ, ಪಿಎಫ್ ದುಡ್ಡು ಮುಟ್ಬೇಡಿ. ಅವರು ಮುನಿಸ್ಕೊಂಡು ಎರಡು ವಾರ ಫೋನ್ ಮಾಡ್ಲಿಲ್ಲ. ಫ್ಯಾಕ್ಟರಿ ಇದೆ, ಮಾಲಿದೆ, ಐವತ್ತು ಲಕ್ಷ ಓಡಾಡಿಸೋ ಶಕ್ತಿ ಇದೆ ಅಂದ್ರೆ ಮಿಪಿಮೆಗಳಿಗೆ ಅಡ್ವಾನ್ಸ್ ಮೇಲೆ ಮಾರೋದು, ಇದರಲ್ಲಿ ಆಗೋ ನಷ್ಟ ಅಂದ್ರೆ ಒಂದು ಕಂಟೇನರ್, ಅದಕ್ಕಿಂತ ಜಾಸ್ತಿ ಅಲ್ಲ. ಆದ್ರೆ ಅದೇ ಫ್ಯಾಕ್ಟರಿಗೆ ಅಮೆರಿಕದಲ್ಲಿ ದೊಡ್ಡ ಗಿರಾಕಿ ಇದ್ರೆ, ಹತ್ತು ರೂಪಾಯಿ ಕ್ಯೂಬಾ ಆರ್ಡರಿಗೆ ಸಾವಿರ ರೂಪಾಯಿ ಗಿರಾಕಿನ ಅಡ ಇಡ್ತಿದೀರಾ ಅಂತ ಯೋಚ್ನೆ ಮಾಡಿ, ಅಂಥೋರಿಗೆ ನಾನು ಬೇಡ ಅಂತಾನೇ ಹೇಳೋದು. ಮಾರಿಯೆಲ್ ದೊಡ್ಡೋರ ಆಟ. ಔಷಧಿ ಕಂಪನಿಯೋರಿಗೆ ಬಯೋಕಾನ್ ದಾರಿ.

ವಿಶ್ವಸಂಸ್ಥೆಲಿ ಈ ದಿಗ್ಬಂಧನದ ವಿರುದ್ಧ ಪ್ರತಿ ವರ್ಷ ಮತ ಹಾಕ್ತಾರೆ, 2024ರಲ್ಲಿ 187 ದೇಶ ತೆಗೀರಿ ಅಂದ್ವು, ವಿರೋಧ ಎರಡೇ. 2025ರಲ್ಲಿ ತೆಗೀರಿ ಅಂದೋರು 165ಕ್ಕೆ ಇಳಿದ್ರು. ಇಂಡಿಯಾ ಯಾವಾಗ್ಲೂ ಕ್ಯೂಬಾ ಕಡೆಗೇ. ಆ ಮತದಿಂದ ನಿಮ್ಮ ಬಿಲ್ ಪಾಸಾಗಲ್ಲ, ಚಿಕ್ಕಪ್ಪ ಪದೇ ಪದೇ ಇದನ್ನೇ ಎತ್ತುತ್ತಾರೆ ಅಂತ ಹೇಳ್ದೆ.

ಪೀಣ್ಯದವನಿಗೆ ಮೂರು ಪ್ರಶ್ನೆ ಕಳಿಸಿದ್ದೆ, ಯೂರೋ ಅಡ್ವಾನ್ಸ್ ಕೊಡ್ತಾರಾ, ನಿನ್ನ ಬ್ಯಾಂಕು ಬರೆದು ಕೊಡುತ್ತಾ, ಕಂಟ್ರೋಲರ್ ಒಳಗಿನ ಚಿಪ್ಪು ಎಲ್ಲಿಂದ. ಮೊನ್ನೆ ರಾತ್ರಿ ರಿಪ್ಲೈ ಬಂತು, ಮೊದಲ ಎರಡಕ್ಕೆ ವಿಚಾರಿಸ್ತಿದಾನಂತೆ, ಮೂರನೇದಕ್ಕೆ ಒಂದು ಸರ್ಕ್ಯೂಟ್ ಬೋರ್ಡಿನ ಫೋಟೊ ಹಾಕಿದಾನೆ, ಮಧ್ಯದ ಚಿಪ್ಪಿಗೆ ಕೆಂಪು ಗುಂಡು ಸುತ್ತಿ, "ಇದು ಟೆಕ್ಸಾಸ್‌ದು ಕಣೋ, ಇದೊಂದರ ಬೆಲೆ ಎಷ್ಟು ಪರ್ಸೆಂಟ್ ಬರುತ್ತೆ ಅಂತ ಲೆಕ್ಕ ಹಾಕ್ತಿದೀನಿ" ಅಂತ.